ಡಾಂಗಲ್‌ನ ಮಧ್ಯಾಹ್ನದ ನಿದ್ದೆ

ಹಳೇ ಲ್ಯಾಪ್‌ಟಾಪಿನ ವೈಫೈ ಕೈಕೊಟ್ಟಾಗ ಕೋಲಾರ ಪೇಟೆಯಿಂದ ಉಗುರಿನಷ್ಟು ಯುಎಸ್‌ಬಿ ಡಾಂಗಲ್ ತಂದೆ. ನನ್ನ ಲ್ಯಾಪ್‌ಟಾಪಿನಲ್ಲಿ ಓಡೋದು ಲಿನಕ್ಸ್, ಡಬ್ಬದ ಮೇಲೆ ಅದರ ಗುರುತಾದ ಪೆಂಗ್ವಿನ್ ಚಿತ್ರ ಇತ್ತು. ಅದನ್ನು ನಂಬಿದೆ. ಮನೆಗೆ ಬಂದು ನೋಡಿದರೆ ಡಾಂಗಲನ್ನು ಓಡಿಸೋ ತಂತ್ರಾಂಶ, ಅಂದರೆ ಡ್ರೈವರ್, ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆ ಬರುವುದಿಲ್ಲ, ನಾವೇ ಹೊರಗಿನಿಂದ ತಂದು ಕೂರಿಸಬೇಕು. ಕೂರಿಸಿದೆ. ತಿಂಗಳು ಚೆನ್ನಾಗಿತ್ತು.

ಮೊನ್ನೆ ರಾತ್ರಿ ಸುಮ್ನೆ ಇರಲಾರದೆ ಅಪ್‌ಡೇಟ್ ಒತ್ತಿ ಮಲಗಿದೆ. ಬೆಳಿಗ್ಗೆ ಹೊಸ ಕರ್ನಲ್ ಬಂದಿತ್ತು, ವೈಫೈ ಹೋಗಿತ್ತು. ಯುಎಸ್‌ಬಿಗೆ ಏನೇನು ಸಿಕ್ಕಿಸಿದೆ ಅಂತ ತೋರಿಸೋ ‘ಎಲ್‌ಎಸ್‌ಯುಎಸ್‌ಬಿ’ ಕಮಾಂಡ್ ಹೊಡೆದರೆ ಡಾಂಗಲ್ ಹೆಸರು ಬರುತ್ತೆ. ಆಸಾಮಿ ಮನೆಯಲ್ಲೇ ಇದ್ದಾನೆ, ಕರೆದರೆ ಓಗೊಡಲ್ಲ.

ಹಳೇ ಕರ್ನಲ್‌ಗೆ ಹೊಲಿದ ಡ್ರೈವರ್ ಹೊಸದರ ಮೈಗೆ ಹಿಡಿಸಲ್ಲ. ಪ್ರತಿ ಸಲ ಹೊಸದಾಗಿ ಹೊಲಿದುಕೊಡೋಕೆ ಡಿಕೆಎಂಎಸ್ ಅನ್ನೋ ತಂತ್ರಾಂಶದ ದರ್ಜಿ ಇದ್ದಾನೆ. ಅವನಿಗೆ ಅಳತೆ ಬೇಕು, ಅಂದರೆ ಹೊಸ ಕರ್ನಲ್‌ನ ಹೆಡರ್ ಫೈಲುಗಳು. ಅವು ನನ್ನ ಹತ್ತಿರ ಇಲ್ಲ, ನೆಟ್‌ನಲ್ಲಿವೆ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ.

ನನ್ನ ಫೋನಿನಲ್ಲಿ ಡೇಟಾ ಮುಗಿದಿತ್ತು. ಅಪ್ಪನ ಫೋನನ್ನು ವೈರು ಹಾಕಿ ಲ್ಯಾಪ್‌ಟಾಪಿಗೆ ಕಟ್ಟಿದೆ. ಡೌನ್‌ಲೋಡ್ ಮುಕ್ಕಾಲು ಆಗಿತ್ತು, ಟೊಮೆಟೊ ಮಂಡಿಯಿಂದ ಫೋನ್ ಬಂತು. ನಮ್ಮ ಮನೆಯಲ್ಲಿ ಆ ಫೋನಿಗಿಂತ ದೊಡ್ಡದು ಯಾವುದೂ ಇಲ್ಲ.

“ಎತ್ತಬೇಡಪ್ಪಾ, ವೈರು ಕಿತ್ತುಬರುತ್ತೆ!”

ವೈರು ಒಂದು ಗೇಣು. ಅಪ್ಪ ಪಂಚೆ ಹಿಡಿದುಕೊಂಡು, ಸೊಂಟ ಬಗ್ಗಿಸಿ, ಕೀಬೋರ್ಡಿನ ಮೇಲೆ ಕಿವಿ ಇಟ್ಟು ಮಾತಾಡಿದರು. “ಬಾಕ್ಸು ಎಷ್ಟಕ್ಕೆ ಹೋಯ್ತಣ್ಣಾ?” ಹದಿನೈದು ಕೆಜಿ ಬಾಕ್ಸಿನ ರೇಟು ಆ ಕಡೆಯಿಂದ ಬಂತು. ಅಪ್ಪ ಬೆಚ್ಚಿ ನೆಟ್ಟಗೆ ನಿಂತರು. ವೈರು ಕಿತ್ತುಬಂತು.

ಎರಡನೇ ಸಲಕ್ಕೆ ಎಲ್ಲ ಇಳಿಯಿತು, ದರ್ಜಿ ಹೊಲಿದ, ವೈಫೈ ಬಂತು. ಬಂದದ್ದು ನಿಲ್ಲಬೇಕಲ್ವಾ? ಎರಡು ನಿಮಿಷ ನಾನು ಏನೂ ಮಾಡದೆ ಕೂತರೆ ಡಾಂಗಲ್ ತೂಕಡಿಸುತ್ತೆ. ಮುದ್ದೆ, ಬಸ್ಸಾರು ಉಂಡ ನಾವೇ ಕಣ್ಣು ಬಿಟ್ಟುಕೊಂಡು ಕೂತಿದ್ದೇವೆ, ಇದಕ್ಕೇನು ರೋಗ! ಕರೆಂಟ್ ಉಳಿಸೋಕಂತೆ, ‘ಪವರ್ ಸೇವ್’ ಅಂತೆ. ಕೆಲವು ಡ್ರೈವರ್‌ಗಳಿಗೆ ಮಲಗೋದು ಗೊತ್ತು, ಏಳೋದು ಗೊತ್ತಿಲ್ಲ. ಸಂಜೆವರೆಗೂ ತಡಕಾಡಿ, ಕೊನೆಗೆ ವೈಫೈ ನೋಡಿಕೊಳ್ಳೋ ನೆಟ್‌ವರ್ಕ್ ಮ್ಯಾನೇಜರಿನ ಒಂದು ಫೈಲಿನಲ್ಲಿ ‘ವೈಫೈ ಪವರ್‌ಸೇವ್’ ಮುಂದೆ 3, ಅಂದರೆ ‘ಮಲಗು’, ಇದ್ದದ್ದನ್ನು 2, ಅಂದರೆ ‘ಮಲಗಬೇಡ’, ಮಾಡಿದೆ. ನಿದ್ದೆ ಬಂದ್!

ಅಪ್ಪ ಕಾಫಿ ಲೋಟ ಹಿಡಿದು ಬಂದರು. “ಏನಾಗಿತ್ತು?”

“ಏನಿಲ್ಲಪ್ಪ, ಮೂರಿತ್ತು, ಎರಡು ಮಾಡಿದೆ.”

“ಒಂದು ಕಮ್ಮಿ ಮಾಡೋಕೆ ಇಡೀ ದಿನವಾ? ಮಂಡಿಯವರು ಅರ್ಧ ನಿಮಿಷಕ್ಕೆ ನೂರು ಕಮ್ಮಿ ಮಾಡ್ತಾರೆ ಕಣಯ್ಯ.”