ಮುಖಪುಟ ಚೆಂದ, ಬೆನ್ನು ಯಾರು ನೋಡೋರು?

ಮುಖಪುಟ ನೋಡಿ ಪುಸ್ತಕ ಕೊಳ್ಳೋರು ಇದ್ದಾರಾ? ಇದ್ದಾರೆ, ಆದರೆ ಹೆಚ್ಚಾಗಿ ಲೇಖಕರ ಹೆಸರು ಗೊತ್ತಿಲ್ಲದಾಗ. ಹೆಸರಾಂತ ಕಾದಂಬರಿಕಾರರ ಪುಸ್ತಕಕ್ಕೆ ಬರೀ ಹಳದಿ ರಟ್ಟು ಹಾಕಿದರೂ ಜನ ಹುಡುಕಿಕೊಂಡು ಬರುತ್ತಾರೆ. ಮೊದಲ ಕಥಾಸಂಕಲನಕ್ಕೆ ಆ ಭಾಗ್ಯ ಇಲ್ಲ. ಅದನ್ನು ಕೈಗೆತ್ತಿಸುವುದು ಮುಖಪುಟ. ಕೊಳ್ಳಿಸುವುದು ಬೆನ್ನುಡಿ, ಬೆಲೆ, ನಡುವೆ ಎಲ್ಲೋ ತೆರೆದು ಓದಿದ ನಾಲ್ಕು ಸಾಲು.

ತೊಂದರೆ ಏನೆಂದರೆ, ನಮ್ಮಲ್ಲಿ ಮುಖಪುಟ ಒಪ್ಪಿಗೆಯಾಗುವುದು ಕಂಪ್ಯೂಟರ್ ಪರದೆಯ ಮೇಲೆ. ಸಮ್ಮೇಳನದ ಮಳಿಗೆಯಲ್ಲಿ ಮೇಜಿನ ಮೇಲೆ ಹರಡಿಟ್ಟಾಗ ಆ ಚಿತ್ರಕ್ಕೆ ಬೆಲೆ ಬರುತ್ತದೆ, ನಿಜ. ಅಂಗಡಿಯ ಕಪಾಟಿನಲ್ಲಿ, ಗ್ರಂಥಾಲಯದಲ್ಲಿ ಕಾಣುವುದು ಬೆನ್ನು ಮಾತ್ರ, ಅಂದರೆ ಹಾಳೆಗಳನ್ನು ಕಟ್ಟಿದ ಕಡೆಯ ಆ ಸಪೂರ ಪಟ್ಟಿ. ಕನ್ನಡ ಪುಸ್ತಕ ಪ್ರಾಧಿಕಾರ ಮುಖಪುಟ ವಿನ್ಯಾಸಕ್ಕೆ ಬಹುಮಾನ ಕೊಡುತ್ತದೆ, ಒಳ್ಳೆಯದೇ. ಬೆನ್ನಿಗೂ ಒಂದು ಇಟ್ಟರೆ ಎಷ್ಟು ಜನ ಗೆಲ್ಲುತ್ತಾರೋ!

ಬೆನ್ನಿನ ಲೆಕ್ಕ ಕಷ್ಟದ್ದೇನಲ್ಲ. ಒಳಪುಟಕ್ಕೆ ಬಳಸುವ 70 ಜಿಎಸ್ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೊ ಹಾಳೆ ಸುಮಾರು 0.09 ಮಿ.ಮೀ. ದಪ್ಪ. 200 ಪುಟ ಅಂದರೆ 100 ಹಾಳೆ, ಬೆನ್ನು ಹತ್ತಿರಹತ್ತಿರ 9 ಮಿ.ಮೀ. ಎಡವಟ್ಟಾಗುವುದು ಕೊನೇ ಗಳಿಗೆಯಲ್ಲಿ ಕಾಗದ ಬದಲಾದಾಗ. ಹಾಳೆ ದಪ್ಪವಾಯಿತು, ಕವರ್ ಫೈಲ್ ಹಳೆಯದೇ ಹೋಯಿತು. ಬೈಂಡಿಂಗ್ ಆಗಿ ಬಂದಾಗ ಬೆನ್ನಿನ ಅಕ್ಷರ ಒಂದು ಪಕ್ಕಕ್ಕೆ ಸರಿದು ಕೂತಿರುತ್ತದೆ. ಹಾಗಾಗಿ ಮುದ್ರಕರಿಂದ ಅದೇ ಕಾಗದದ, ಅಷ್ಟೇ ಪುಟಗಳ ಖಾಲಿ ಮಾದರಿ ಪುಸ್ತಕ (ಡಮ್ಮಿ) ತರಿಸಿ, ಸ್ಕೇಲ್ ಇಟ್ಟು ಅಳೆಯಿರಿ. 5 ಮಿ.ಮೀ.ಗಿಂತ ಕಡಿಮೆ ಇದ್ದರೆ ಬೆನ್ನಿನ ಮೇಲೆ ಬರೆಯುವ ಆಸೆ ಬಿಡಿ.

ಇನ್ನು ಮೊಬೈಲು. ಆನ್‌ಲೈನ್ ಅಂಗಡಿಯಲ್ಲಿ ಮುಖಪುಟ ಹೆಬ್ಬೆರಳಿನ ಉಗುರಿನಷ್ಟು ಕಾಣುತ್ತದೆ. ಅಲ್ಲಿ ಮೊದಲು ಮಾಯವಾಗುವುದು ಒತ್ತಕ್ಷರ. ಸಣಕಲು ಫಾಂಟಿನಲ್ಲಿ ‘ರಾಷ್ಟ್ರ’ ಅಂತ ಬರೆದು, ಚಿತ್ರವನ್ನು 150 ಪಿಕ್ಸೆಲ್ ಅಗಲಕ್ಕೆ ಇಳಿಸಿ ನೋಡಿ, ಗೊತ್ತಾಗುತ್ತದೆ. ಶೀರ್ಷಿಕೆ ಎರಡು ಸಾಲಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ, ಗುಡಿಸಿಗೆ ತಾಗುತ್ತದೆ. ಇಂಗ್ಲಿಷ್ ಶೀರ್ಷಿಕೆಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು.

ನಾಲ್ಕು ಬಣ್ಣ ಸೇರಿಸಿ ಮಾಡಿದ ಕಪ್ಪಿನ ಮೇಲೆ ಸಣ್ಣ ಬಿಳಿ ಅಕ್ಷರವಂತೂ ಬೇಡವೇ ಬೇಡ. ಒಂದು ಬಣ್ಣದ ಮುದ್ರಣ ಪ್ಲೇಟು ಕೂದಲೆಳೆಯಷ್ಟು ಜರುಗಿದರೂ ಒತ್ತುಗಳ ಸಂದು ಮುಚ್ಚಿಹೋಗುತ್ತದೆ. ಕಡುಬಣ್ಣಕ್ಕೆ ಮ್ಯಾಟ್ ಲ್ಯಾಮಿನೇಶನ್ (ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಹೊದಿಕೆ) ಈಗಿನ ಫ್ಯಾಷನ್ನು. ಫೇಸ್‌ಬುಕ್ಕಿನ ‘ಮುಖಪುಟ ಬಿಡುಗಡೆ’ಯಲ್ಲಿ ಲೈಕುಗಳೂ ಬೀಳುತ್ತವೆ. ಆದರೆ ಮಳಿಗೆಯಲ್ಲಿ ನಾಲ್ಕು ಕೈ ಬದಲಾಗುವಷ್ಟರಲ್ಲಿ ಬೆರಳಚ್ಚು, ಗೀರು ಎದ್ದು ಕಾಣುತ್ತವೆ, ಹೊಸ ಪುಸ್ತಕವನ್ನೇ ಜನ ‘ಬೇರೆ ಪ್ರತಿ ಕೊಡಿ’ ಅಂತಾರೆ. ಕಪ್ಪೇ ಬೇಕೆಂದರೆ ಗೀರು ತಡೆಯುವ ಮ್ಯಾಟ್ ಫಿಲ್ಮ್ ಸಿಗುತ್ತದೆ, ದರ ಜಾಸ್ತಿ. ಇಲ್ಲವೇ ಹೊಳಪಿನ ಗ್ಲಾಸ್ ಲ್ಯಾಮಿನೇಶನ್ ಹಾಕಿಸಿ.