ಚಾಸಿ ನಂಬರಿಗೆ ಪೆನ್ಸಿಲ್ ಉಜ್ಜಿದ್ದು

ಹಾಸನದಲ್ಲಿ ಅಪ್ಪ ತಮ್ಮ ಹಳೇ ಮಾರುತಿ 800 ಮಾರಿದಾಗ ಏಜೆಂಟ್ ಬಾನೆಟ್ ಎತ್ತಿ, ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ್ದ. ಕಪ್ಪಿನ ನಡುವೆ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಆ ಚೂರನ್ನು ಅರ್ಜಿಗೆ ಅಂಟಿಸಿ ದುಡ್ಡು ಕೇಳಿದ. ಸುಮ್ನೆ ಕೀಳೋದಕ್ಕೆ ಒಂದು ನೆಪ ಅಂದುಕೊಂಡಿದ್ದೆ.

ಈಗ ಇರೋದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಇಲ್ಲಿ ಹಳೇ ಕಾರು ಕೈ ಬದಲಾಗೋದು ಬಹಳ ಸಲೀಸು. ಮಾರುವವನು ಆನ್‌ಲೈನ್‌ನಲ್ಲಿ ತಿಳಿಸುತ್ತಾನೆ, ಲಾಗ್‌ಬುಕ್, ಅಂದರೆ ಇಲ್ಲಿನ ನೋಂದಣಿ ಪತ್ರದ ಹಸಿರು ಚೀಟಿ ಹರಿದು ಕೊಡುತ್ತಾನೆ, ಅಷ್ಟೇ. ನಂಬರ್ ಪ್ಲೇಟ್ ಟೈಪ್ ಮಾಡಿದರೆ ಎಂಒಟಿ, ಅಂದರೆ ಗಾಡಿ ಓಡಿಸಲು ಯೋಗ್ಯವೇ ಅಂತ ನೋಡುವ ವಾರ್ಷಿಕ ಪರೀಕ್ಷೆಯ ಚರಿತ್ರೆಯೆಲ್ಲ ಬಿಟ್ಟಿಯಾಗಿ ಸಿಗುತ್ತದೆ. ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಯಾಕೆ ಫೇಲ್ ಆಯಿತು, ಎಲ್ಲ. ಇದು ನಮ್ಮೂರಲ್ಲೂ ಇರಬೇಕಿತ್ತು.

ಆದರೆ ಈ ಲಾಗ್‌ಬುಕ್ ನಮ್ಮ ಆರ್‌ಸಿ ಅಲ್ಲ. ಇದು ಮಾಲೀಕತ್ವಕ್ಕೆ ಪುರಾವೆ ಅಲ್ಲ ಅಂತ ಅದರ ಮೇಲೇ ಅಚ್ಚಾಗಿದೆ. ನಮ್ಮ ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇರುತ್ತದೆ. ಇಲ್ಲಿ ಸಾಲ ಇದೆಯಾ, ಕಳವಾಗಿತ್ತಾ ಅಂತ ತಿಳಿಯಲು ಬೇರೆ ದುಡ್ಡು ಕೊಟ್ಟು ಚೆಕ್ ಮಾಡಿಸಬೇಕು. ಶೋಕಿ ನಂಬರನ್ನು ಒಂದು ಕಾರಿಂದ ಇನ್ನೊಂದಕ್ಕೆ ಹಾಕಿಕೊಳ್ಳಬಹುದು, ಹಾಗಾಗಿ ಪ್ಲೇಟ್ ನೋಡಿ ಕಾರಿನ ಗುರುತು ಹಿಡಿಯೋಕೆ ಆಗಲ್ಲ.

ಜಪಾನಿನಿಂದ ಬಂದ ಕಾರಾದರೆ ಇನ್ನೂ ಫಜೀತಿ. ಅಲ್ಲೂ ಬಲಗಡೆ ಸ್ಟೇರಿಂಗ್, ಹಾಗಾಗಿ ಇಲ್ಲಿಗೆ ಬೇಕಾದಷ್ಟು ಬಂದಿವೆ. ಎಂಒಟಿ ಚರಿತ್ರೆ ಶುರುವಾಗೋದೇ ಇಲ್ಲಿಗೆ ಬಂದ ಮೇಲೆ. ಅದಕ್ಕೂ ಹಿಂದಿನದು ತಿಳಿಯಲು ಜಪಾನಿನ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬೇಕು. ಅದರಲ್ಲಿ ವರ್ಷ ಅವರ ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ, ಹೇಸೇ 7 ಅಂತೆಲ್ಲ ಇರುತ್ತದೆ, ಅಂದರೆ 1995. ನಮ್ಮ ಪಂಚಾಂಗದಲ್ಲಿ ಯುವ ಸಂವತ್ಸರ. ಅಲ್ಲಿನ ಹರಾಜಿನಲ್ಲಿ ಕಾರಿನ ಸ್ಥಿತಿ ಬರೆದ ಶೀಟ್ ಸಿಕ್ಕರೆ ಇನ್ನೂ ಒಳ್ಳೇದು, ಅದರಲ್ಲಿ ಆರ್ ಅಂತ ಗ್ರೇಡ್ ಇದ್ದರೆ ಗುದ್ದಿಸಿಕೊಂಡು ರಿಪೇರಿ ಆದ ಗಾಡಿ. ಜಪಾನಿನ ಒಳಗಿನ ಮಾರುಕಟ್ಟೆಗೆ ಮಾಡಿದ ಕಾರಿಗೆ ಬೇರೆ ಕಡೆಯಂತೆ 17 ಅಕ್ಷರಗಳ ಚಾಸಿ ನಂಬರ್ (ವಿಐಎನ್) ಇರಲ್ಲ. ಮಾದರಿಯ ಕೋಡ್, ಒಂದು ಅಡ್ಡಗೆರೆ, ಆಮೇಲೆ ಅಂಕಿಗಳು. ನಿಸಾನ್ ಕಂಪನಿಯ ಸ್ಕೈಲೈನ್ ಆರ್33 ಕಾರಿನಲ್ಲಿ ಎಲ್ಲಕ್ಕಿಂತ ಮೇಲಿನದಾದ ನಿಜವಾದ ಜಿಟಿ-ಆರ್ ಆದರೆ ಕೋಡ್ ಬಿಸಿಎನ್ಆರ್33. ಇಸಿಆರ್33 ಅಂತ ಇದ್ದರೆ ಅದು ಕಡಿಮೆ ಬೆಲೆಯ ಜಿಟಿಎಸ್ ಟರ್ಬೊ. ಬಂಪರ್, ಬ್ಯಾಡ್ಜ್, ರೆಕ್ಕೆ ಬದಲಿಸಿದರೆ ದೂರದಿಂದ ಎರಡೂ ಒಂದೇ.

ಕಳೆದ ವರ್ಷ ಅಂಥ ಜಿಟಿ-ಆರ್ ಒಂದನ್ನು ನೋಡಲು ದಾವಣಗೆರೆ ಗೆಳೆಯನ ಜೊತೆ ಹೋಗಿದ್ದೆ. ಲಾಗ್‌ಬುಕ್‌ನಲ್ಲಿ ಬಿಸಿಎನ್ಆರ್33. ಎಂಜಿನ್ ಹಿಂದಿನ ಗೋಡೆಯ ಮೇಲೆ ಕೊರೆದ ನಂಬರೂ ಅದೇ. ಅಂಕಿ ಅಂಕಿಗೂ ತಾಳೆ. ನನಗಾಗಲೇ ಕಾರು ನನ್ನದಾಗಿತ್ತು ಬಿಡಿ! ಯಾಕೋ ಏಜೆಂಟ್ ನೆನಪಾದ. ಜೇಬಲ್ಲಿದ್ದ ಬಿಲ್ ಇಟ್ಟು ಪೆನ್ಸಿಲ್ ಉಜ್ಜಿದೆ.

"ಲೋ ಮಾರಾಯ, ಇದೇನೋ ಆರ್‌ಟಿಒ ಆಫೀಸಾ?" ಅಂತ ಗೆಳೆಯ ನಕ್ಕ.

ನಂಬರ್ ಚೆನ್ನಾಗಿಯೇ ಬಂತು. ಅದರ ಸುತ್ತ ಕೂದಲೆಳೆಯಷ್ಟು ತೆಳ್ಳಗೆ ಒಂದು ಚೌಕದ ಗೆರೆಯೂ ಬಂತು. ಕಣ್ಣಿಗೆ ಕಾಣದಂತೆ ಬಣ್ಣ ಬಳಿದಿದ್ದರು, ಆದರೆ ಬೆಸುಗೆಯ ಉಬ್ಬು ಕಾಗದದ ಮೇಲೆ ಮೂಡಿತ್ತು. ಯಾವುದೋ ಸತ್ತ ಜಿಟಿ-ಆರ್‌ನಿಂದ ನಂಬರಿದ್ದ ತಗಡು ಕತ್ತರಿಸಿ ತಂದು ಇಲ್ಲಿ ಕೂರಿಸಿದ್ದರು. ನೆಲದ ಮೇಲೆ ಮಲಗಿ ಮೊಬೈಲ್ ಟಾರ್ಚ್ ಬಿಟ್ಟೆ. ಜಿಟಿ-ಆರ್‌ಗೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಇರುತ್ತದೆ. ಇದರ ಮುಂದಿನ ಚಕ್ರಗಳಿಗೆ ಆ ಎಳೆತ ಮುಟ್ಟಿಸುವ ಡ್ರೈವ್‌ಶಾಫ್ಟೇ ಇರಲಿಲ್ಲ. ನಿಜ ಹೇಳಬೇಕೆಂದರೆ ಅದನ್ನೇ ಮೊದಲು ನೋಡಬೇಕಿತ್ತು.

ಮಾರುವವನು "ನಾನು ಕೊಂಡಾಗಲೂ ಹೀಗೇ ಇತ್ತು" ಅಂದ. ಇದ್ದಿರಲೂಬಹುದು. ಪ್ರತಿ ಸಲ ಕೈ ಬದಲಾದಾಗಲೂ ಹಸಿರು ಚೀಟಿ ಹರಿದು ಕೊಟ್ಟಿರುತ್ತಾರೆ, ಯಾರೂ ಪೆನ್ಸಿಲ್ ತಂದಿರಲ್ಲ.

ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಆ ಏಜೆಂಟ್ ಎಷ್ಟು ಕೇಳಿದ್ದ, ನೆನಪಿದೆಯೇನೋ?" ಅಂದರು.