ಪ್ರಬಂಧದಲ್ಲಿ ಹರಿಯುವ ನದಿ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿ ಒಂದೇ ಒಂದು. ಅದು ಹುಟ್ಟುವುದು ಗೈಡಿನಲ್ಲಿ, ಹೋಗಿ ಸೇರುವುದು ಹೈಸ್ಕೂಲು ಮಕ್ಕಳ ಉತ್ತರ ಪತ್ರಿಕೆಯಲ್ಲಿ. ಅದರ ದಡದಲ್ಲಿ ನಾನು ಕೆಲವು ವರ್ಷಗಳಿಂದ ಪ್ರಬಂಧ ಸ್ಪರ್ಧೆಯ ತೀರ್ಪುಗಾರನಾಗಿ ಕೂತಿದ್ದೇನೆ. ನಿವೃತ್ತ ಕನ್ನಡ ಮೇಷ್ಟ್ರಿಗೆ ಊರು ಕೊಡುವ ಮರ್ಯಾದೆ ಇದು. ಒಂದು ಶಾಲು, ಒಂದು ಹಾರ, ಆರಿದ ಉಪ್ಪಿಟ್ಟು, ಒಂದು ಕಟ್ಟು ಪ್ರಬಂಧ.

ಹೋದ ವರ್ಷದ ವಿಷಯ 'ನಮ್ಮೂರು'. ಮೊದಲ ಪತ್ರಿಕೆ ತೆಗೆದೆ. 'ನಮ್ಮ ಊರು ಒಂದು ಸುಂದರವಾದ ಹಳ್ಳಿ. ಊರಿನ ಪಕ್ಕದಲ್ಲಿ ನದಿಯೊಂದು ಜುಳುಜುಳು ಹರಿಯುತ್ತದೆ. ಎಲ್ಲಿ ನೋಡಿದರೂ ಹಚ್ಚ ಹಸಿರು. ಹಕ್ಕಿಗಳ ಚಿಲಿಪಿಲಿ ಕಿವಿಗೆ ಇಂಪು.' ಬರೆದವನು ಬಂಗಾರಪೇಟೆ ಕಡೆಯ ಹುಡುಗ. ಎರಡನೆಯದು ಮುಳಬಾಗಿಲಿನದು, ಅಲ್ಲೂ ಜುಳುಜುಳು. ಮಾಲೂರು, ಜುಳುಜುಳು. ಶ್ರೀನಿವಾಸಪುರದವಳು ಊರ ಸುತ್ತಲಿನ ಮಾವಿನ ತೋಪುಗಳನ್ನೆಲ್ಲ ಕಡಿದುಹಾಕಿ ಅಲ್ಲಿ ಅಡಿಕೆ ತೋಟ ಎಬ್ಬಿಸಿ, ಅದರ ನಡುವೆ ನದಿ ಹರಿಸಿದ್ದಳು. ಇಪ್ಪತ್ತನೆಯ ಪತ್ರಿಕೆಗೆ ಬರುವಷ್ಟರಲ್ಲಿ ನನ್ನ ಪಂಚೆಯ ಅಂಚು ನೆಂದಿದೆಯೇನೋ ಅಂತ ಮುಟ್ಟಿ ನೋಡಿಕೊಂಡೆ. ಅದೇ ಹೊತ್ತಿಗೆ ಹೊರಗೆ ಟ್ಯಾಂಕರಿನವನು ಶಾಲೆಯ ಸಂಪಿನೊಳಕ್ಕೆ ಪೈಪು ಇಳಿಬಿಟ್ಟ. ಆವತ್ತು ಕಿವಿಗೆ ಬಿದ್ದ ಅಸಲಿ ಜುಳುಜುಳು ಅದೊಂದೇ.

ಹಾಗಂತ ನಮ್ಮಲ್ಲಿ ನದಿಯೇ ಇಲ್ಲ ಅಂದರೆ ಭೂಗೋಳದ ಮೇಷ್ಟ್ರು ಜಗಳಕ್ಕೆ ಬರುತ್ತಾರೆ. ಪಾಲಾರ್ ಹುಟ್ಟುವುದು ನಮ್ಮ ಜಿಲ್ಲೆಯಲ್ಲೇ. ಹುಟ್ಟಿದ ಮೇಲೆ ನಮ್ಮ ಹುಡುಗರ ಹಾಗೆ ಅದೂ ಊರು ಬಿಡುತ್ತದೆ, ಆಂಧ್ರ ದಾಟಿ ತಮಿಳುನಾಡು ಸೇರುತ್ತದೆ. ನಂದಿ ಬೆಟ್ಟದ ಸೀಮೆಯಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಇವೆ. ಭೂಪಟದಲ್ಲಿ ನೀಲಿ ಗೆರೆ, ನೆಲದ ಮೇಲೆ ಸೀಮೆಜಾಲಿ. 2021ರ ಮಳೆಗೆ ಕೆರೆಗಳು ಕೋಡಿ ಹರಿದಾಗ ಜನ ಹೆಂಡತಿ ಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ, ಹರಿಯುವ ನೀರಿನ ಮುಂದೆ ಸೆಲ್ಫಿ ತೆಗೆಸಿಕೊಂಡು ಬಂದರು. ಇನ್ನು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ರಾಜಧಾನಿಯವರು ಮಿಂದದ್ದು ನಮಗೆ ತೀರ್ಥ. ಇದನ್ನು ಯಾವ ಮಗುವೂ ಬರೆದಿರಲಿಲ್ಲ. ಬರೆಯುವುದಾದರೂ ಹೇಗೆ, ಗೈಡು ಅಚ್ಚಾದಾಗ ಆ ನೀರು ಇನ್ನೂ ಬಂದಿರಲಿಲ್ಲ.

'ಸಾರ್, ಇವರೆಲ್ಲಾ ಒಂದೇ ಊರಿನೋರಾ?' ಅಂತ ಜೊತೆಯ ತೀರ್ಪುಗಾರರನ್ನು ಕೇಳಿದೆ. ಅವರು ನಿವೃತ್ತ ಹೆಡ್ ಮೇಷ್ಟ್ರು, ನನಗಿಂತ ಹಿರಿಯರು.

'ಒಂದೇ ಗೈಡಿನೋರು ಕಣಯ್ಯಾ' ಅಂದರು, ಕನ್ನಡಕ ಒರೆಸುತ್ತಾ. 'ನೀನು ನದಿ ನೋಡಬೇಡ. ಪೀಠಿಕೆ ಇದೆಯಾ, ವಿಷಯ ನಿರೂಪಣೆ ಇದೆಯಾ, ಉಪಸಂಹಾರ ಇದೆಯಾ, ಅಷ್ಟು ನೋಡು. ಅಕ್ಷರ ದುಂಡಗಿದ್ರೆ ಒಂದ್ ಮಾರ್ಕು ಜಾಸ್ತಿ ಹಾಕು.'

ಉಪಸಂಹಾರ ಎಲ್ಲರದ್ದೂ ಇತ್ತು. ಹದಿನಾಲ್ಕು ವರ್ಷದ ಮಕ್ಕಳು, ಇನ್ನೂ ಯಾವುದೂ ಶುರುವೇ ಆಗಿಲ್ಲ, ಆಗಲೇ ಎಲ್ಲವನ್ನೂ ಉಪಸಂಹಾರ ಮಾಡಿ 'ಆದ್ದರಿಂದ ನಾವೆಲ್ಲರೂ ಕೈಜೋಡಿಸೋಣ' ಅಂತ ಕೈತೊಳೆದುಕೊಂಡಿದ್ದವು.

ಪೀಠಿಕೆಯಲ್ಲಿ ಹೆಚ್ಚಿನವರು 'ನಮ್ಮದು ಚಿನ್ನದ ನಾಡು, ಇಲ್ಲಿ ಚಿನ್ನ ಸಿಗುತ್ತದೆ' ಅಂತ ಎದೆ ತಟ್ಟಿದ್ದರು. ಕೆ.ಜಿ.ಎಫ್. ಗಣಿ ಮುಚ್ಚಿದ್ದು 2001ರಲ್ಲಿ, ಈ ಮಕ್ಕಳು ಹುಟ್ಟುವ ಎಷ್ಟೋ ಮೊದಲು. ಆ ಕಡೆಯಿಂದ ಬೆಳಕು ಹರಿಯುವ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವ ಅಪ್ಪಂದಿರ ಮಕ್ಕಳೂ 'ಚಿನ್ನ ಸಿಗುತ್ತದೆ' ಅಂತಲೇ ಬರೆದಿದ್ದರು. ಹಾಗೆ ನೋಡಿದರೆ ಜಿಲ್ಲೆಯಲ್ಲಿ ಈಚೆಗೆ ಚಿನ್ನ ಸಿಕ್ಕಿದ್ದು 2023ರ ಜುಲೈನಲ್ಲಿ, ಎ.ಪಿ.ಎಂ.ಸಿ. ಯಾರ್ಡಿನಲ್ಲಿ. 15 ಕೆಜಿಯ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿ, ತೋಟಕ್ಕೆ ಕಾವಲು ಹಾಕುವ ಕಾಲ ಬಂದಿತ್ತು. ಟೊಮೆಟೊ ಕೂಡ ಯಾರ ಪ್ರಬಂಧದಲ್ಲೂ ಇರಲಿಲ್ಲ. ಅದು ಕೆಂಪಗಿದೆ, ಗೈಡಿನ ಹಳ್ಳಿ ಹಸಿರು.

ಎರಡನೇ ಸುತ್ತಿನ ವಿಷಯ 'ನನ್ನ ಮೆಚ್ಚಿನ ಸಾಹಿತಿ'. ಎಲ್ಲರೂ ಕುವೆಂಪು ಬರೆದಿದ್ದರು. ಅದಕ್ಕೆ ನನ್ನ ತಕರಾರಿಲ್ಲ, ಕುವೆಂಪು ಯಾರಿಗೆ ಮೆಚ್ಚಿಲ್ಲ. ಆದರೆ ಮಾಸ್ತಿ ಕಡೆಯಿಂದ ಬಂದ ಒಬ್ಬ ಹುಡುಗಿಯನ್ನು ಆಮೇಲೆ ಮಾತಾಡಿಸಿದೆ. 'ಯಾಕಮ್ಮಾ, ಮಾಸ್ತಿ ವೆಂಕಟೇಶ ಅಯ್ಯಂಗಾರ್ ನಿಮ್ಮ ಕಡೆಯೋರೇ ಅಲ್ವಾ? 1983ರಲ್ಲಿ ಜ್ಞಾನಪೀಠ ಬಂತಲ್ಲ. ಮನೇಲಿ ತಮಿಳು ಮಾತಾಡ್ತಾ ಕನ್ನಡದಲ್ಲಿ ಕತೆ ಬರೆದೋರು. ಹುಟ್ಟಿದ್ದೂ ತೀರಿಕೊಂಡಿದ್ದೂ ಜೂನ್ 6ನೇ ತಾರೀಖೇ ನೋಡು.' ಆ ಹುಡುಗಿ ಕಣ್ಣು ಬಿಟ್ಟು ಕೇಳಿ, 'ಗೊತ್ತು ಸಾರ್, ಆದ್ರೆ ನಮ್ಮ ಗೈಡಲ್ಲಿ ಅವರದ್ದು ಬರೀ ಕವಿಪರಿಚಯ ಐತೆ. ಪ್ರಬಂಧ ಕುವೆಂಪುದೇ' ಅಂದಳು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ವಿಚಾರ ನಾನು ಎತ್ತಲೇ ಇಲ್ಲ. ಬಿಸಿಲು ಜೋರಾಗಿತ್ತು, ಮಗು ಬಸ್ಸಿಗೆ ಹೋಗಬೇಕಿತ್ತು.

ಮಕ್ಕಳನ್ನು ಬೈದು ಏನು ಬಂತು. ಅವರಿಗೆ ನಾವು ಕಲಿಸಿರುವುದೇ ಬೇರೆಯವರಾಗುವುದನ್ನು. ಪರೀಕ್ಷೆಯ ಪತ್ರಲೇಖನ ನೋಡಿ. 'ನಿಮ್ಮನ್ನು ಇಂಥ ಊರಿನ ಇಂಥ ಶಾಲೆಯ ಇಂಥವಳೆಂದು ಭಾವಿಸಿ ತಂದೆಗೆ ಪತ್ರ ಬರೆಯಿರಿ.' ತನ್ನ ಹೆಸರು ಬರೆದರೆ ತಪ್ಪು, ತನ್ನ ಊರು ಬರೆದರೆ ತಪ್ಪು. ಭಾವಿಸಿಕೊಂಡ ಮಗಳು ಭಾವಿಸಿಕೊಂಡ ಅಪ್ಪನಿಗೆ 'ನಾನು ಕ್ಷೇಮ, ಪ್ರವಾಸಕ್ಕೆ ಐನೂರು ರೂಪಾಯಿ ಕಳಿಸಿ' ಅಂತ ಬರೆಯುತ್ತಾಳೆ. ಅಸಲಿ ಅಪ್ಪ ಐನೂರು ಇಲ್ಲ ಅಂದಿರುವುದರಿಂದ ಅಸಲಿ ಮಗಳು ಪ್ರವಾಸಕ್ಕೆ ಹೋಗುವುದಿಲ್ಲ, ಪತ್ರಕ್ಕೆ ಮಾತ್ರ ಪೂರ್ತಿ ಅಂಕ.

ಕಟ್ಟಿನ ತಳದಲ್ಲಿ ಒಂದು ಪತ್ರಿಕೆ ಇತ್ತು. ಅಕ್ಷರ ಕಾಗೆ ಕಾಲು. 'ಳ' ಬರೆದರೆ ಬಾಲ ಕೆಳಗಿನ ಸಾಲಿನವರೆಗೂ ಇಳಿದಿತ್ತು. ಪೀಠಿಕೆಯೇ ಇಲ್ಲ.

'ನಮ್ಮೂರಿಗೆ ಬೋರ್ ಲಾರಿ ರಾತ್ರಿ ಬಂತು. ತಿರುಚೆಂಗೋಡು ಲಾರಿ. ಪಾಯಿಂಟ್ ನೋಡುವ ತಾತ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದರು, ಕಾಯಿ ಎದ್ದು ನಿಂತಿತು. ನಾಯ್ನ ಅಲ್ಲೇ ಪೂಜೆ ಮಾಡಿದರು. ಬೆಳಿಗ್ಗೆ ತನಕ ಶಬ್ದ. ಧೂಳು ನಮ್ಮ ಹಸು ಮೇಲೆ, ಒಣಗಾಕಿದ ಬಟ್ಟೆ ಮೇಲೆ. 1,400 ಅಡಿಗೆ ನಿಲ್ಲಿಸಿ ಅಂದರು. ನಾಯ್ನ ತೂತಿನ ಮೇಲೆ ಕಲ್ಲು ಮುಚ್ಚಿದರು. ಅಮ್ಮ ಓಲೆ ಇಲ್ಲದೆ ಸ್ಕೂಲಿನ ಮೀಟಿಂಗಿಗೆ ಬಂದಿದ್ದರು. ಇದು ನಮ್ಮೂರು.'

ನಾನು ಎರಡು ಸಲ ಓದಿದೆ. ಹೆಡ್ ಮೇಷ್ಟ್ರಿಗೆ ಕೊಟ್ಟೆ. ಅವರು 'ನಾಯ್ನ'ನಿಗೆ ಕೆಂಪು ಸುತ್ತು ಹಾಕಿ ಪಕ್ಕದಲ್ಲಿ 'ತಂದೆಯವರು' ಅಂತ ತಿದ್ದಿದರು. 'ತೆಲುಗು ನುಸುಳಿದೆ. ಊರಿನ ವರ್ಣನೆ ಇಲ್ಲ. ವಿಷಯಾಂತರ. ಉಪಸಂಹಾರನೂ ಇಲ್ಲ' ಅಂದರು.

'ತೂತಿನ ಮೇಲೆ ಕಲ್ಲು ಮುಚ್ಚಿದ್ದೇ ಉಪಸಂಹಾರ ಅಲ್ವಾ ಸಾರ್?'

'ತಮಾಷೆ ಸಾಕು. ಟೇಬಲ್ ನೋಡು, ಇದಕ್ಕೆ ಮಾರ್ಕು ಎಲ್ಲಿ ಹಾಕ್ತೀಯಾ?'

ಟೇಬಲ್ ನೋಡಿದೆ. ಪೀಠಿಕೆಗೆ ಇಷ್ಟು, ನಿರೂಪಣೆಗೆ ಇಷ್ಟು, ಗಾದೆ ಬಳಕೆಗೆ ಇಷ್ಟು, ಕೈಬರಹಕ್ಕೆ ಇಷ್ಟು. ನಿಜಕ್ಕೆ ಕಾಲಂ ಇರಲಿಲ್ಲ. ನಾನೂ ಸಂಭಾವಿತನ ಹಾಗೆ 'ಕಲ್ಪನಾಶಕ್ತಿ ಸಾಲದು' ಅಂತ ಷರಾ ಬರೆದು ಸಹಿ ಹಾಕಿದೆ. ಉಪ್ಪಿಟ್ಟು ತಿಂದಿದ್ದೆನಲ್ಲ. ಮೊದಲ ಮೂರು ಬಹುಮಾನದ ಪ್ರಬಂಧಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದರಿಂದ ಯಾರ ಅಕ್ಷರ ಹೆಚ್ಚು ದುಂಡಗಿದೆ ಅಂತ ಸ್ಕೇಲು ಇಟ್ಟು ನೋಡಬೇಕಾಯಿತು. ಬಹುಮಾನ, ಆ ಗೈಡಿನ ಹೊಸ ಆವೃತ್ತಿ.

ಈ ವರ್ಷ ಹೊಸತನ ಇರಲಿ ಅಂತ ವಿಷಯ ಬದಲಾಯಿಸಿದರು. 'ನನ್ನ ಹುಟ್ಟೂರು'. ಮತ್ತೆ ಕಟ್ಟು ಬಿಚ್ಚಿದೆ. ಮಧ್ಯದಲ್ಲಿ ಒಂದು ಪತ್ರಿಕೆ. ಅಕ್ಷರ ತಿದ್ದಿಕೊಂಡು ದುಂಡಗಾಗಿದೆ, ಆದರೆ 'ಳ'ದ ಬಾಲ ಅದೇ. ಪೀಠಿಕೆ ಇದೆ. ಗಾದೆ ಎರಡಿವೆ. 'ತಂದೆಯವರು' ಇದ್ದಾರೆ. ಹಕ್ಕಿಗಳು ಚಿಲಿಪಿಲಿ ಅನ್ನುತ್ತಿವೆ. 'ನಮ್ಮ ಊರಿನ ಪಕ್ಕದಲ್ಲಿ ನದಿಯೊಂದು ಜುಳುಜುಳು ಹರಿಯುತ್ತದೆ. ಆ ನದಿ ಬಹಳ ಆಳ. 1,400 ಅಡಿ.'

ಹೆಡ್ ಮೇಷ್ಟ್ರು ಸಂತೋಷದಿಂದ ತಲೆದೂಗಿದರು. 'ಒಂದ್ ಸೊನ್ನೆ ಜಾಸ್ತಿ ಹಾಕವ್ನೆ, ಹೋಗ್ಲಿ ಬಿಡು' ಅಂತ ಕೆಂಪು ಪೆನ್ನಿನಲ್ಲಿ ಆ ಸೊನ್ನೆ ಹೊಡೆದುಹಾಕಿ, ಪ್ರಥಮ ಬಹುಮಾನ ಅಂತ ಬರೆದರು.